ಭಾರ ಎತ್ತುವ ಮುನ್ನ ಮೈ ಬಿಸಿಯಾಗಲಿ

ಜನವರಿ ತಿಂಗಳ ಬೆಳಗಿನ ಆರು ಗಂಟೆ. ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದಂಥ ಮಲೆನಾಡಿನ ಊರಿನಲ್ಲಿ ಹೊರಗೆ 14 ಡಿಗ್ರಿ ಸೆಲ್ಸಿಯಸ್ ಚಳಿ ಇದೆ ಎಂದಿಟ್ಟುಕೊಳ್ಳಿ. ಪೊಲೀಸ್ ಅಥವಾ ಸೇನೆಯ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗನೊಬ್ಬ ಹಾಸಿಗೆಯಿಂದ ಎದ್ದವನೇ ಜಗಲಿಯ ಮೂಲೆಯಲ್ಲಿಟ್ಟಿದ್ದ ಬಾರ್ಬೆಲ್ಲಿಗೆ ಕೈ ಹಾಕುತ್ತಾನೆ. ಅದೇ ಹೊತ್ತಿಗೆ ಪಕ್ಕದ ಅಂಗಳದಲ್ಲಿ ಅಡಿಕೆ ಮೂಟೆಯನ್ನು ಬಗ್ಗಿ ಎತ್ತುವವರೂ ಇರುತ್ತಾರೆ. ಹೀಗೆ ಎತ್ತಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಸೊಂಟ ಹಿಡಿಯುತ್ತದೆ, ಭುಜ ಉಳುಕುತ್ತದೆ. ಹುಡುಗನ ಎರಡು ತಿಂಗಳ ಅಭ್ಯಾಸ ನಿಲ್ಲುತ್ತದೆ. ದುಡಿಯುವವರಿಗೆ ಕೊಯ್ಲಿನ ಕಾಲದ ಕೂಲಿಯೇ ಹೋಗುತ್ತದೆ.

ಭಾರದ ವ್ಯಾಯಾಮಕ್ಕೆ ಮುಂಚೆ 'ವಾರ್ಮ್ ಅಪ್' ಮಾಡಬೇಕು ಎಂದು ದೈಹಿಕ ಶಿಕ್ಷಣದ ಮೇಷ್ಟ್ರು ಹೇಳುವುದನ್ನು ನೀವು ಕೇಳಿದ್ದೀರಿ. ಕನ್ನಡದಲ್ಲಿ ಹೇಳುವುದಾದರೆ ಮೈ ಬಿಸಿ ಮಾಡಿಕೊಳ್ಳುವುದು. ಇದನ್ನು ಬರಿಯ ಶಾಸ್ತ್ರಕ್ಕೆಂದು ಎರಡು ಸಲ ಕೈ ಬೀಸಿ ಮುಗಿಸುವವರೇ ಹೆಚ್ಚು. ಆದರೆ ಈ ಮಾತಿನಲ್ಲಿರುವ 'ಬಿಸಿ' ಅಲಂಕಾರಕ್ಕೆ ಬಂದ ಪದವಲ್ಲ. ಅದು ಉಷ್ಣತಾಮಾಪಕದಿಂದ ಅಳೆಯಬಹುದಾದ ಬಿಸಿ. ಎಷ್ಟು ಬಿಸಿ ಬೇಕು, ಅದಕ್ಕೆ ಎಷ್ಟು ಉಷ್ಣ ಬೇಕು, ಎಷ್ಟು ಹೊತ್ತು ಬೇಕು ಎಂಬುದನ್ನು ಪಿ.ಯು.ಸಿ.ಯ ಭೌತಶಾಸ್ತ್ರ ಬಲ್ಲ ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಸ್ನಾಯುವಿನ ಉಷ್ಣತೆ ಎಷ್ಟು?

ನಮ್ಮ ದೇಹದ ಉಷ್ಣತೆ 37 ಡಿಗ್ರಿ ಎಂದು ಓದಿದ್ದೇವೆ. ಅದು ಹೃದಯ, ಯಕೃತ್ತು, ಮಿದುಳು ಮೊದಲಾದವು ಇರುವ ಒಳಭಾಗದ ಉಷ್ಣತೆ. ಕೈಕಾಲುಗಳದು ಬೇರೆ ಲೆಕ್ಕ. ವಿಶ್ರಾಂತಿಯಲ್ಲಿರುವಾಗ ತೊಡೆಯ ಸ್ನಾಯುವಿನ ಉಷ್ಣತೆ ಸಾಮಾನ್ಯವಾಗಿ 34ರಿಂದ 36 ಡಿಗ್ರಿ. ಚಳಿಯಲ್ಲಿ ಚರ್ಮಕ್ಕೆ ಹತ್ತಿರವಿರುವ ಪದರಗಳು ಇನ್ನೂ ತಣ್ಣಗಿರುತ್ತವೆ. ಚೆನ್ನಾಗಿ ವ್ಯಾಯಾಮ ಮಾಡುತ್ತಿರುವಾಗ ಅದೇ ಸ್ನಾಯು 38ರಿಂದ 39 ಡಿಗ್ರಿಗೆ ಏರುತ್ತದೆ. ಅಂದರೆ ಹಾಸಿಗೆಯಿಂದ ಎದ್ದ ಸ್ನಾಯುವಿಗೂ ಕೆಲಸಕ್ಕೆ ಸಿದ್ಧವಾದ ಸ್ನಾಯುವಿಗೂ ಮೂರು ನಾಲ್ಕು ಡಿಗ್ರಿ ಅಂತರ.

ಮೂರು ಡಿಗ್ರಿ ಏನು ಮಹಾ ಎನ್ನಬೇಡಿ. 1945ರಲ್ಲಿ ಡೆನ್ಮಾರ್ಕಿನ ಆಸ್ಮುಸೆನ್ ಮತ್ತು ಬೋಯೆ ಎಂಬ ಶರೀರ ವಿಜ್ಞಾನಿಗಳು ಸ್ನಾಯು ಬಿಸಿಯಾದಷ್ಟೂ ಸೈಕಲ್ ತುಳಿಯುವವರ ಸಾಮರ್ಥ್ಯ ಹೆಚ್ಚುತ್ತದೆಂದು ಅಳೆದು ತೋರಿಸಿದರು. 1979ರಲ್ಲಿ ಸ್ವೀಡನ್ನಿನ ಬರ್ಗ್ ಮತ್ತು ಎಕ್‌ಬ್ಲೋಮ್ ತೊಡೆಯ ಸ್ನಾಯುವಿನ ಉಷ್ಣತೆಯನ್ನು ಸುಮಾರು 30ರಿಂದ 39 ಡಿಗ್ರಿಯವರೆಗೆ ಬದಲಾಯಿಸಿ ಪರೀಕ್ಷಿಸಿದರು. ಉಷ್ಣತೆ ಒಂದು ಡಿಗ್ರಿ ಏರಿದಾಗ ಜಿಗಿತ, ಓಟ ಹಾಗೂ ಚಲನೆಯಲ್ಲಿರುವ ಸ್ನಾಯುವಿನ ಬಲ ಶೇಕಡಾ 4ರಿಂದ 6ರಷ್ಟು ಹೆಚ್ಚುತ್ತದೆಂದು ಕಂಡುಬಂತು. ಮೂರು ಡಿಗ್ರಿಗೆ ಇದು ಶೇಕಡಾ 12ಕ್ಕಿಂತ ಹೆಚ್ಚಾಯಿತು. ಅಷ್ಟು ಬಲವನ್ನು ತಣ್ಣಗಿನ ಸ್ನಾಯು ತನ್ನಲ್ಲೇ ಬಚ್ಚಿಟ್ಟುಕೊಂಡಿರುತ್ತದೆ. ನೀವು ಮಾತ್ರ ಪೂರ್ಣ ಬಲದ ಲೆಕ್ಕದಲ್ಲಿ ಭಾರಕ್ಕೆ ಕೈ ಹಾಕುತ್ತೀರಿ.

ಜೋನಿಬೆಲ್ಲದ ಪಾಠ

ಬಿಸಿಗೂ ಬಲಕ್ಕೂ ಏನು ಸಂಬಂಧ? ಮಲೆನಾಡಿನವರಿಗೆ ಜೋನಿಬೆಲ್ಲ ಹೊಸದಲ್ಲ. ಚಳಿಗಾಲದ ಬೆಳಿಗ್ಗೆ ಡಬ್ಬಿಯನ್ನು ಬಗ್ಗಿಸಿದರೆ ಬೆಲ್ಲ ಇಳಿಯುವುದೇ ಇಲ್ಲ. ಒಲೆಯ ಪಕ್ಕ ಸ್ವಲ್ಪ ಹೊತ್ತು ಇಟ್ಟರೆ ಸರಾಗವಾಗಿ ಸುರಿಯುತ್ತದೆ. ದ್ರವವೊಂದು ತನ್ನ ಹರಿವಿಗೆ ತಾನೇ ಒಡ್ಡುವ ಈ ತಡೆಗೆ ಸ್ನಿಗ್ಧತೆ ಎಂದು ಹೆಸರು. ಉಷ್ಣತೆ ಏರಿದಂತೆ ದ್ರವದ ಸ್ನಿಗ್ಧತೆ ಇಳಿಯುತ್ತದೆ. ಸ್ನಾಯುವಿನ ತೂಕದಲ್ಲಿ ಮುಕ್ಕಾಲು ಪಾಲು ನೀರು. ಆ ನೀರಿನಲ್ಲಿ ಪ್ರೋಟೀನಿನ ಎಳೆಗಳು ಒಂದರ ಮೇಲೊಂದು ಜಾರುವುದರಿಂದಲೇ ಸ್ನಾಯು ಕುಗ್ಗುತ್ತದೆ. ಬಿಸಿಯಾದ ಸ್ನಾಯುವಿನಲ್ಲಿ ಈ ಜಾರುವಿಕೆಗೆ ತಡೆ ಕಡಿಮೆ. ಮೂಳೆಗೆ ಸ್ನಾಯುವನ್ನು ಕಟ್ಟಿರುವ ಸ್ನಾಯುರಜ್ಜುಗಳೂ ಬಿಸಿಯಾದಾಗ ಸ್ವಲ್ಪ ಸುಲಭವಾಗಿ ಎಳೆತಕ್ಕೆ ಒಗ್ಗುತ್ತವೆ.

ಇಲ್ಲೊಂದು ಎಚ್ಚರಿಕೆ. ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಕರಗುವುದನ್ನೂ ನೀವು ನೋಡಿರುತ್ತೀರಿ. ಅದು ಬೇರೆ. ಎಣ್ಣೆಯಲ್ಲಾಗುವುದು ಘನದಿಂದ ದ್ರವಕ್ಕೆ ಸ್ಥಿತ್ಯಂತರ. ಸ್ನಾಯುವಿನಲ್ಲಿ ಅಂಥದ್ದೇನೂ ಆಗುವುದಿಲ್ಲ. ಅಲ್ಲಿ ಬದಲಾವಣೆ ಜೋನಿಬೆಲ್ಲದಂತೆ ಮೆಲ್ಲಮೆಲ್ಲನೆ, ಡಿಗ್ರಿಗೆ ಇಷ್ಟೆಂಬಂತೆ ನಡೆಯುತ್ತದೆ. ಆದ್ದರಿಂದಲೇ ಅರ್ಧ ಬಿಸಿಗೆ ಅರ್ಧ ಫಲ, ಪೂರ್ತಿ ಬಿಸಿಗೆ ಪೂರ್ತಿ ಫಲ.

ಸ್ನಿಗ್ಧತೆ ಒಂದೇ ಕಾರಣವಲ್ಲ. ಸ್ನಾಯುವಿಗೆ ಶಕ್ತಿ ಒದಗಿಸುವ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಕಿಣ್ವಗಳು ಬಿಸಿಯಲ್ಲಿ ಚುರುಕಾಗುತ್ತವೆ. ರಕ್ತದ ಹಿಮೋಗ್ಲೋಬಿನ್ ಬಿಸಿಯಾದ ಅಂಗಾಂಶದಲ್ಲಿ ಆಕ್ಸಿಜನ್ನನ್ನು ಹೆಚ್ಚು ಸುಲಭವಾಗಿ ಬಿಟ್ಟುಕೊಡುತ್ತದೆ. ನರಗಳಲ್ಲಿ ಸಂಕೇತ ಸಾಗುವ ವೇಗ ಸೆಕೆಂಡಿಗೆ 50-60 ಮೀಟರ್ ಇದ್ದು, ಒಂದು ಡಿಗ್ರಿ ಏರಿಕೆಗೆ ಸುಮಾರು 2 ಮೀಟರಿನಷ್ಟು ಹೆಚ್ಚುತ್ತದೆ. ಕೀಲುಗಳ ನಡುವಿನ ಕೀಲುದ್ರವಕ್ಕೆ ಇನ್ನೊಂದು ವಿಶೇಷ ಗುಣವಿದೆ. ಅದನ್ನು ಕದಡಿದಷ್ಟೂ ಅದು ತೆಳುವಾಗುತ್ತದೆ. ಎಂದರೆ ಕೀಲನ್ನು ನಿಧಾನವಾಗಿ ಆಡಿಸುವುದೇ ಕೀಲಿಗೆ ಎಣ್ಣೆ ಹಾಕಿದಂತೆ.

ಎಪ್ಪತ್ತು ಬಸ್ಕಿಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. 60 ಕಿಲೋಗ್ರಾಂ ತೂಕದ ಒಬ್ಬರ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಒಟ್ಟು 10 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸ್ನಾಯುವಿನ ವಿಶಿಷ್ಟ ಉಷ್ಣ ಒಂದು ಕಿಲೋಗ್ರಾಂಗೆ ಒಂದು ಡಿಗ್ರಿಗೆ ಸುಮಾರು 3.5 ಕಿಲೋಜೂಲ್. ಈ ಸ್ನಾಯುಗಳನ್ನು 2 ಡಿಗ್ರಿ ಬಿಸಿ ಮಾಡಲು ಬೇಕಾದ ಉಷ್ಣ 10 × 3.5 × 2 = 70 ಕಿಲೋಜೂಲ್.

ಈ ಉಷ್ಣ ಎಲ್ಲಿಂದ ಬರಬೇಕು? ಸ್ನಾಯುವಿನ ಒಳಗಿನಿಂದಲೇ. ಆಹಾರದ ಶಕ್ತಿಯಲ್ಲಿ ಸ್ನಾಯು ಯಾಂತ್ರಿಕ ಕೆಲಸಕ್ಕೆ ತಿರುಗಿಸುವುದು ಐದರಲ್ಲಿ ಒಂದು ಪಾಲು, ಬಹಳವೆಂದರೆ ನಾಲ್ಕರಲ್ಲಿ ಒಂದು. ಉಳಿದುದೆಲ್ಲ ಉಷ್ಣ. ಇಂಗ್ಲೆಂಡಿನ ಎ. ವಿ. ಹಿಲ್ ಕಪ್ಪೆಯ ಸ್ನಾಯು ಕುಗ್ಗಿದಾಗ ಹೊರಡುವ ಉಷ್ಣವನ್ನು ಉಷ್ಣಯುಗ್ಮಗಳ ಸಹಾಯದಿಂದ ಡಿಗ್ರಿಯ ಸಾವಿರದ ಕೆಲವೇ ಪಾಲಿನಷ್ಟು ಸೂಕ್ಷ್ಮವಾಗಿ ಅಳೆದರು. ಜರ್ಮನಿಯ ಓಟೋ ಮೇಯರ್‌ಹೋಫ್ ಅವರೊಂದಿಗೆ ಹಿಲ್ 1922ನೇ ಸಾಲಿನ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕಾರ್ಖಾನೆಯ ಯಂತ್ರದಲ್ಲಾದರೆ ನಷ್ಟವೆನಿಸುವ ಈ ಉಷ್ಣ ನಮಗೆ ಇಲ್ಲಿ ಲಾಭ.

ಒಂದು ಬಸ್ಕಿಯನ್ನು ತೆಗೆದುಕೊಳ್ಳಿ. ಕುಳಿತು ಏಳುವಾಗ ದೇಹದ 50 ಕಿಲೋಗ್ರಾಂ ಭಾಗ 0.4 ಮೀಟರ್ ಮೇಲೇರುತ್ತದೆ ಎನ್ನೋಣ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಆಗುವ ಕೆಲಸ 50 × 10 × 0.4 = 200 ಜೂಲ್. ಇದು ಐದನೇ ಒಂದು ಪಾಲಾದರೆ ಸ್ನಾಯುವಿನಲ್ಲಿ ಹುಟ್ಟಿದ ಉಷ್ಣ ಸುಮಾರು 800 ಜೂಲ್. ಮತ್ತೆ ಕೆಳಗೆ ಕೂರುವಾಗ ಏರಿಸಿಟ್ಟ ಆ 200 ಜೂಲ್ ಎಲ್ಲಿ ಹೋಗುತ್ತದೆ? ಬೀಳದಂತೆ ತಡೆಹಿಡಿಯುವ ಸ್ನಾಯುವಿನಲ್ಲಿ ಅದೂ ಉಷ್ಣವಾಗುತ್ತದೆ. ಒಟ್ಟಿನಲ್ಲಿ ಒಂದು ಬಸ್ಕಿಗೆ ಸುಮಾರು 1 ಕಿಲೋಜೂಲ್ ಉಷ್ಣ. 70 ಕಿಲೋಜೂಲಿಗೆ 70 ಬಸ್ಕಿ! ಎರಡೂವರೆ ಸೆಕೆಂಡಿಗೆ ಒಂದರಂತೆ ಹೊಡೆದರೆ ಮೂರು ನಿಮಿಷದೊಳಗೆ ಮುಗಿಯುತ್ತದೆ.

ಹಾಗಾದರೆ ಮೂರು ನಿಮಿಷ ಸಾಕೇ? ಎರಡು ಕಾರಣಗಳಿಂದ ಸಾಲದು. ಮೊದಲನೆಯದು, ಅವಸರದ 70 ಬಸ್ಕಿಯಿಂದ ಸ್ನಾಯು ಬಿಸಿಯಾಗುವುದರ ಜೊತೆಗೆ ದಣಿಯುತ್ತದೆ. ದಣಿದ ಕಾಲಿಗೆ ಭಾರ ಹೊರಿಸುವುದು ತಣ್ಣಗಿನ ಕಾಲಿಗೆ ಹೊರಿಸಿದಷ್ಟೇ ತಪ್ಪು. ಎರಡನೆಯದು, ಹುಟ್ಟಿದ ಉಷ್ಣವೆಲ್ಲ ಅಲ್ಲೇ ನಿಲ್ಲುವುದಿಲ್ಲ. ಸ್ನಾಯು 37 ಡಿಗ್ರಿಗಿಂತ ತಣ್ಣಗಿರುವವರೆಗೆ ಹರಿದುಬರುವ ರಕ್ತವೇ ಅದನ್ನು ಬಿಸಿ ಮಾಡುತ್ತದೆ. 37 ದಾಟಿದ ಮೇಲೆ ಅದೇ ರಕ್ತ ಸ್ನಾಯುವಿನಿಂದ ಉಷ್ಣವನ್ನು ಹೊತ್ತೊಯ್ದು ಚರ್ಮಕ್ಕೆ ತಲುಪಿಸುತ್ತದೆ. ಹೀಗಾಗಿ ಅಳತೆಗಳಲ್ಲಿ ಕಾಣುವುದು ಇದು: ಮೊದಲ ಮೂರರಿಂದ ಐದು ನಿಮಿಷ ಉಷ್ಣತೆ ಬೇಗ ಏರುತ್ತದೆ, ಆಮೇಲೆ ಏರಿಕೆ ನಿಧಾನವಾಗಿ 10ರಿಂದ 20 ನಿಮಿಷದಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಏದುಸಿರು ಬಾರದ ಕೆಲಸವನ್ನು ಹತ್ತು ನಿಮಿಷ ಮಾಡಿ ಎಂಬ ಸಲಹೆಯ ಹಿಂದಿರುವುದು ಈ ಲೆಕ್ಕ.

ಬಿಸಿನೀರು, ಮಾಲೀಸು ಸಾಲದೆ?

ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಮಿಂದು ಬಂದರೆ ಮೈ ಬಿಸಿಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪಮಟ್ಟಿಗೆ ಆಗುತ್ತದೆ. ಆದರೆ ಹೊರಗಿನ ಉಷ್ಣ ಚರ್ಮ, ಅದರ ಕೆಳಗಿನ ಕೊಬ್ಬು ದಾಟಿ ಒಳಗಿನ ಸ್ನಾಯುವಿಗೆ ಇಳಿಯಬೇಕು. ಕೊಬ್ಬು ಉಷ್ಣದ ದುರ್ಬಲ ವಾಹಕ. ನಾಲ್ಕು ತಂಬಿಗೆ ನೀರು ಸುರಿದುಕೊಂಡರೆ ಬಿಸಿಯಾಗುವುದು ಮುಖ್ಯವಾಗಿ ಚರ್ಮ. ಎಣ್ಣೆ ತಿಕ್ಕುವುದೂ ಹೀಗೆಯೇ. ಮೇಲಿನ ಪದರ ಬೆಚ್ಚಗಾಗುತ್ತದೆ, ಆಳಕ್ಕೆ ಇಳಿಯುವುದು ಕಡಿಮೆ. ಅಲ್ಲದೆ ಹೃದಯದ ಬಡಿತ ಏರುವುದು, ಸ್ನಾಯುವಿನ ರಕ್ತನಾಳಗಳು ಅಗಲವಾಗುವುದು, ಕೀಲುದ್ರವ ತೆಳುವಾಗುವುದು, ಮಾಡಲಿರುವ ಚಲನೆಯನ್ನು ನರಗಳು ಒಮ್ಮೆ ಅಭ್ಯಾಸ ಮಾಡಿಕೊಳ್ಳುವುದು ಇವೆಲ್ಲ ಆಗುವುದು ಮೈ ಆಡಿಸಿದಾಗ ಮಾತ್ರ.

ನಮ್ಮ ಗರಡಿಮನೆಗಳಲ್ಲಿ ಈ ಮಾತು ಸಿದ್ಧಾಂತವಾಗಿ ಅಲ್ಲದಿದ್ದರೂ ರೂಢಿಯಾಗಿ ಉಳಿದು ಬಂದಿದೆ. ಮೈಸೂರು ದಸರಾ ಕುಸ್ತಿಗೆ ಹೆಸರಾದ ಗರಡಿಗಳ ಪೈಲ್ವಾನರು ಅಖಾಡಕ್ಕಿಳಿದವರೇ ಪಟ್ಟು ಹಾಕುವುದಿಲ್ಲ. ಮೊದಲು ಗುದ್ದಲಿಯಿಂದ ಅಖಾಡದ ಮಣ್ಣು ಅಗೆದು ಹದಗೊಳಿಸುತ್ತಾರೆ. ಆಮೇಲೆ ದಂಡ, ಬಸ್ಕಿ. ಜೋಡಿ ಹಿಡಿದು ಸೆಣಸುವುದು ಅದಾದ ಮೇಲೆ. ಮಣ್ಣು ಅಗೆಯುವುದು ಶಿಸ್ತಿನ ಕೆಲಸವಾಗಿರುವಂತೆಯೇ ಸೊಂಟ, ಬೆನ್ನು, ಭುಜಗಳನ್ನು ಒಟ್ಟಿಗೆ ಬಿಸಿ ಮಾಡುವ ಕೆಲಸವೂ ಹೌದು.

ಆಧುನಿಕ ಭಾರ ಎತ್ತುವ ಸ್ಪರ್ಧೆಗಳಲ್ಲಿಯೂ ವೇದಿಕೆಯ ಹಿಂದೆ ಇದಕ್ಕೆಂದೇ ಜಾಗವಿರುತ್ತದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋಗ್ರಾಂ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿ ಗೆದ್ದರು. ನಾವು ಟಿ.ವಿ.ಯಲ್ಲಿ ನೋಡುವುದು ವೇದಿಕೆಯ ಮೇಲಿನ ಕೆಲವು ಸೆಕೆಂಡುಗಳನ್ನು ಮಾತ್ರ. ಅದಕ್ಕೆ ಮುನ್ನ ಹಿಂದಿನ ಜಾಗದಲ್ಲಿ ಸ್ಪರ್ಧಿಗಳು ಬರಿಯ ಸರಳಿನಿಂದ ಶುರುಮಾಡಿ, ಭಾರವನ್ನು ಹಂತಹಂತವಾಗಿ ಏರಿಸುತ್ತ, ಮೊದಲ ಯತ್ನದ ಭಾರಕ್ಕೆ ಹತ್ತಿರ ಬರುತ್ತಾರೆ. ತನ್ನ ತೂಕದ ಸುಮಾರು ಎರಡರಷ್ಟನ್ನು ತಲೆಯ ಮೇಲೆ ಎತ್ತಬಲ್ಲವರಿಗೇ ಬರಿ ಸರಳಿನಿಂದ ಆರಂಭಿಸುವುದು ಅವಮಾನವಲ್ಲ. ನಮಗೇಕೆ ಆಗಬೇಕು?

ಬೆಳಗಿನ ಬೆನ್ನು

ಬೆಳಗಿನ ಹೊತ್ತು ಭಾರ ಎತ್ತುವವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಇದಕ್ಕೆ ಚಳಿ ಕಾರಣವಲ್ಲ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಹಗಲಿನಲ್ಲಿ ದೇಹದ ಭಾರಕ್ಕೆ ಅವು ಅದುಮಿ ಸ್ವಲ್ಪ ನೀರು ಕಳೆದುಕೊಳ್ಳುತ್ತವೆ. ರಾತ್ರಿ ಮಲಗಿದಾಗ ಪರಾಸರಣದಿಂದ ನೀರು ಹೀರಿ ಮತ್ತೆ ಉಬ್ಬುತ್ತವೆ. ಇದರಿಂದ ಬೆಳಿಗ್ಗೆ ನಮ್ಮ ಎತ್ತರ ರಾತ್ರಿಗಿಂತ ಒಂದರಿಂದ ಎರಡು ಸೆಂಟಿಮೀಟರ್ ಹೆಚ್ಚಿರುತ್ತದೆ. ನಂಬಿಕೆ ಬಾರದಿದ್ದರೆ ಮನೆಯ ಗೋಡೆಗೆ ಒರಗಿ ನಿಂತು, ತಲೆಯ ಮೇಲೆ ಪುಸ್ತಕವಿಟ್ಟು, ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ಪೆನ್ಸಿಲಿನಿಂದ ಗುರುತು ಮಾಡಿ ನೋಡಿ.

ಉಬ್ಬಿದ ಬಿಲ್ಲೆ ಬಿಗಿಯಾಗಿ ಗಾಳಿ ತುಂಬಿದ ಚೆಂಡಿನಂತೆ. ಆಗ ಬೆನ್ನು ಬಗ್ಗಿಸಿದರೆ ಬಿಲ್ಲೆಗೂ ಅದರ ಸುತ್ತಲ ಕಟ್ಟುಗಳಿಗೂ ಬೀಳುವ ಪೀಡನ ದಿನದ ಉಳಿದ ಹೊತ್ತಿಗಿಂತ ಬಹಳ ಹೆಚ್ಚು. ಎದ್ದು ಓಡಾಡಲು ತೊಡಗಿದ ಮೇಲೆ ಮೊದಲ ಒಂದು ಗಂಟೆಯಲ್ಲಿಯೇ ಈ ಹೆಚ್ಚುವರಿ ಎತ್ತರದ ಅರ್ಧದಷ್ಟು ಇಳಿಯುತ್ತದೆ. ಆದ್ದರಿಂದ ಹಾಸಿಗೆಯಿಂದ ಎದ್ದು ಒಂದು ಗಂಟೆ ಕಳೆಯುವ ತನಕ ನೆಲದಿಂದ ಬಗ್ಗಿ ಎತ್ತುವ ಭಾರ ಬೇಡ. ಇದು ಬಾರ್ಬೆಲ್ಲಿಗೆ ಅನ್ವಯಿಸುವಂತೆ ಅಡಿಕೆ ಮೂಟೆಗೂ, ಗೊಬ್ಬರದ ಚೀಲಕ್ಕೂ, ತುಂಬಿದ ಕೊಡಕ್ಕೂ ಅನ್ವಯಿಸುತ್ತದೆ.

ಮಾಡುವುದು ಹೇಗೆ?

ಮೊದಲ ಹಂತ, ಇಡೀ ಮೈಗೆ. ಐದರಿಂದ ಎಂಟು ನಿಮಿಷ ಬಿರುಸಿನ ನಡಿಗೆ, ನಿಧಾನ ಓಟ, ಹಗ್ಗದಾಟ ಅಥವಾ ಸೈಕಲ್. ಮಲೆನಾಡಿನವರಿಗೆ ಮನೆಯ ಮುಂದಿನ ಏರುದಾರಿಯೇ ಸಾಕು. ಮಾತನಾಡಲು ಆಗಬೇಕು, ಹಾಡಲು ಕಷ್ಟವಾಗಬೇಕು. ಅದೇ ಸರಿಯಾದ ವೇಗ. ಹಣೆಯಲ್ಲಿ ತೆಳುವಾಗಿ ಬೆವರು ಮೂಡಿದರೆ ಒಳಗಿನ ಉಷ್ಣ ಹೊರಗೆ ಹೋಗಲು ತೊಡಗಿದೆ ಎಂದು ತಿಳಿಯಿರಿ.

ಎರಡನೆಯ ಹಂತ, ಕೀಲುಗಳಿಗೆ. ಮೂರು ನಾಲ್ಕು ನಿಮಿಷ. ಭುಜವನ್ನು ಸುತ್ತಿಸುವುದು, ಸೊಂಟ ತಿರುಗಿಸುವುದು, ಕಾಲನ್ನು ಹಿಂದೆ ಮುಂದೆ ಬೀಸುವುದು, ಅರ್ಧ ಬಸ್ಕಿ, ಆಮೇಲೆ ಪೂರ್ತಿ ಬಸ್ಕಿ. ಚಲನೆ ಸಣ್ಣದರಿಂದ ದೊಡ್ಡದಕ್ಕೆ ಹೋಗಲಿ. ಒಂದೇ ಭಂಗಿಯಲ್ಲಿ ಸ್ನಾಯುವನ್ನು ಎಳೆದು ನಿಲ್ಲಿಸುವ ಅಭ್ಯಾಸ ಈ ಹೊತ್ತಿಗೆ ಬೇಡ. ಒಂದು ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ತಕ್ಷಣಕ್ಕೆ ಅದರ ಬಲ ಕೊಂಚ ಕುಗ್ಗುತ್ತದೆ. ಅದನ್ನು ವ್ಯಾಯಾಮ ಮುಗಿದ ಮೇಲೆ ಮಾಡಿ.

ಮೂರನೆಯ ಹಂತ, ಮಾಡಲಿರುವ ವ್ಯಾಯಾಮವನ್ನೇ ಕಡಿಮೆ ಭಾರದಲ್ಲಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಇವತ್ತು 60 ಕಿಲೋಗ್ರಾಂ ಹೊತ್ತು ಬಸ್ಕಿ ಹೊಡೆಯಬೇಕೆಂದಿದ್ದರೆ, 20 ಕಿಲೋಗ್ರಾಮಿನ ಬರಿ ಸರಳಿನಲ್ಲಿ 10 ಸಲ, 30ರಲ್ಲಿ 6 ಸಲ, 45ರಲ್ಲಿ 3 ಸಲ, 55ರಲ್ಲಿ 1 ಸಲ ಮಾಡಿ. ಭಾರ ಏರಿದಂತೆ ಸಲಗಳ ಸಂಖ್ಯೆ ಇಳಿಯುವುದನ್ನು ಗಮನಿಸಿ. ಬಿಸಿ ಏರಬೇಕು, ದಣಿವು ಏರಬಾರದು. ಸರಳು ಇಲ್ಲದವರು ದಂಡ ಹೊಡೆಯುವ ಮುನ್ನ ಗೋಡೆಗೆ ಕೈಯಿಟ್ಟು 10, ಗಟ್ಟಿಯಾದ ಮೇಜಿಗೆ ಕೈಯಿಟ್ಟು 6, ಆಮೇಲೆ ನೆಲದ ಮೇಲೆ ಶುರುಮಾಡಬಹುದು. ಮೂಟೆ ಎತ್ತುವವರೂ ನಾಲ್ಕು ಹೆಜ್ಜೆ ನಡೆದಾಡಿ, ಹತ್ತು ಬಸ್ಕಿ ಹೊಡೆದು, ಹಗುರವಾದ ಚೀಲಗಳಿಂದ ಆರಂಭಿಸಿದರೆ ಕೆಲಸಕ್ಕೇನೂ ತಡವಾಗದು.

ಬಿಸಿಯಾದ ಮೇಲೆ ತಡಮಾಡಬೇಡಿ. ಸುಮ್ಮನೆ ಕುಳಿತರೆ 15-20 ನಿಮಿಷದಲ್ಲಿ ಗಳಿಸಿದ ಉಷ್ಣತೆಯ ಬಹುಪಾಲು ಇಳಿದುಹೋಗುತ್ತದೆ. ಚಳಿಯಲ್ಲಿ ಇನ್ನೂ ಬೇಗ. ದೈಹಿಕ ಪರೀಕ್ಷೆಗೆ ಹೋದಾಗ ಇದನ್ನು ಮರೆಯಬಾರದು. ಮೈದಾನಕ್ಕೆ ಬಂದ ಕೂಡಲೇ ಮೈ ಬಿಸಿಮಾಡಿಕೊಂಡು, ಸರದಿಗಾಗಿ ಒಂದು ಗಂಟೆ ಕುಳಿತರೆ ಪಟ್ಟ ಶ್ರಮ ವ್ಯರ್ಥ. ಕಾಯುವಾಗ ಸ್ವೆಟರ್ ಹಾಕಿಕೊಂಡಿರಿ, ಆಗಾಗ ಓಡಾಡಿ, ಸರದಿ ಹತ್ತಿರ ಬಂದಾಗ ಮತ್ತೊಮ್ಮೆ ಮೈ ಆಡಿಸಿ. ಸ್ವೆಟರ್ ತಾನಾಗಿ ಬಿಸಿ ಕೊಡುವುದಿಲ್ಲ, ಇರುವ ಬಿಸಿ ಸೋರದಂತೆ ತಡೆಯುತ್ತದೆ. ಬೇಸಿಗೆಯ ಮಧ್ಯಾಹ್ನ ಮೊದಲ ಹಂತವನ್ನು ಮೊಟಕು ಮಾಡಬಹುದು. ಮೂರನೆಯ ಹಂತವನ್ನು ಮಾತ್ರ ಯಾವ ಕಾಲದಲ್ಲಿಯೂ ಬಿಡಬಾರದು.

ಇದರಿಂದ ಆಗದ್ದು

ಮೈ ಬಿಸಿ ಮಾಡಿಕೊಂಡರೆ ಏನು ಬೇಕಾದರೂ ಎತ್ತಬಹುದು ಎಂದು ಭಾವಿಸಬಾರದು. ನಾರ್ವೆಯಲ್ಲಿ 13ರಿಂದ 17 ವಯಸ್ಸಿನ 1,892 ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರಮಬದ್ಧವಾಗಿ ಮೈ ಬಿಸಿ ಮಾಡಿಕೊಂಡ ಗುಂಪಿನಲ್ಲಿ ಒಟ್ಟಾರೆ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಆದರೆ ಆ ಕ್ರಮದಲ್ಲಿ ಓಟದ ಜೊತೆಗೆ ಬಲ ಮತ್ತು ಸಮತೋಲದ ಅಭ್ಯಾಸಗಳೂ ಸೇರಿದ್ದವು. ಗಾಯ ಕಡಿಮೆಯಾಯಿತೇ ಹೊರತು ಇಲ್ಲವಾಗಲಿಲ್ಲ. ತಪ್ಪು ಭಂಗಿಯನ್ನು, ಅಳತೆ ಮೀರಿದ ಭಾರವನ್ನು ಯಾವ ಬಿಸಿಯೂ ಸರಿಪಡಿಸಲಾರದು. ವ್ಯಾಯಾಮ ಮಾಡಿದ ಮರುದಿನದ ಮೈಕೈ ನೋವೂ ಇದರಿಂದ ಪೂರ್ತಿ ತಪ್ಪುವುದಿಲ್ಲ.

ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಮತ್ತು ನಲವತ್ತು ದಾಟಿ ಹೊಸದಾಗಿ ಭಾರದ ವ್ಯಾಯಾಮ ಶುರುಮಾಡುವವರು ಮೊದಲು ವೈದ್ಯರನ್ನು ಕಾಣಬೇಕು. ಮೈ ಬಿಸಿ ಮಾಡಿಕೊಳ್ಳುವಾಗಲೇ ಎದೆಯಲ್ಲಿ ಬಿಗಿತ, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಕೀಲಿನಲ್ಲಿ ಚುಚ್ಚಿದಂಥ ನೋವು ಕಂಡರೆ ಆ ದಿನ ಆ ಕೀಲಿಗೆ ಭಾರ ಬೇಡ. ಹಗುರ ಭಾರದಲ್ಲಿ ಶುರುಮಾಡುವುದರ ಇನ್ನೊಂದು ಪ್ರಯೋಜನ ಇದೇ. ಮೈಯಲ್ಲೆಲ್ಲಾದರೂ ಊನವಿದ್ದರೆ 20 ಕಿಲೋಗ್ರಾಮಿನಲ್ಲೇ ಗೊತ್ತಾಗುತ್ತದೆ, 60 ಕಿಲೋಗ್ರಾಂ ಹೆಗಲ ಮೇಲಿರುವಾಗ ಅಲ್ಲ.

ಬಿರುಸಿನ ನಡಿಗೆ, ಕೀಲಿನ ಚಲನೆ, ಹಗುರ ಭಾರ, ಮೂರೂ ಸೇರಿ ಹದಿನೈದು ನಿಮಿಷದ ಕೆಲಸ. 70 ಕಿಲೋಜೂಲ್ ಉಷ್ಣವನ್ನು ಅಂಗಡಿಯಲ್ಲಿ ಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರಿಂದ ಸಾಲ ಪಡೆಯಲೂ ಆಗುವುದಿಲ್ಲ. ಅದನ್ನು ನಿಮ್ಮ ಸ್ನಾಯುವೇ ದುಡಿದು ಗಳಿಸಬೇಕು. ನಾಳೆ ಬೆಳಿಗ್ಗೆ ಭಾರಕ್ಕೆ ಕೈ ಹಾಕುವ ಮುನ್ನ ಅದಕ್ಕೆ ಅಷ್ಟು ಸಮಯ ಕೊಡಿ.